ಕೈಯಾರೆ

ಅಚ್ಚಾಗಿ ಬಂದ ಹಾಳೆಯಲ್ಲಿ ಆ ಪದ ಮೂರನೆಯ ಪ್ಯಾರಾದ ಕೊನೆಯ ಸಾಲಿನಲ್ಲಿತ್ತು. ‘ಕಡೆಯ ಏಳು ತಿಂಗಳು ಹಾಸಿಗೆ ಹಿಡಿದಿದ್ದ ತಾಯಿಯನ್ನು ಮಗಳು ತನ್ನ ಕೈಯಾರೆ ಉಪಚರಿಸಿದಳು.’ ಅವಳು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಆ ಸಾಲನ್ನು ನಾಲ್ಕನೆಯ ಸಲ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿದ್ದು ಗೊತ್ತಾದದ್ದು ಸೀದ ವಾಸನೆ ಮೂಗಿಗೆ ಬಡಿದ ಮೇಲೆ. ಒರೆಸುವ ಬಟ್ಟೆಗೆ ಚಾಚಿದ ಕೈ ಅರ್ಧದಲ್ಲೇ ನಿಂತಿತು. ಐವತ್ತೆರಡು ವರ್ಷದ ಕೈ. ಅಂಚೆ ಮುದ್ರೆಯ ಮಸಿ ಉಗುರಿನ ಅಂಚಿಗೆ ಸೇರಿಕೊಂಡು, ಎಷ್ಟು ಉಜ್ಜಿದರೂ ಹೋಗದೆ, ನೀಲಿ ಗೆರೆಯಾಗಿ ಉಳಿದುಬಿಟ್ಟಿತ್ತು. ಇಪ್ಪತ್ತಾರು ವರ್ಷ ಈ ಕೈ ಗಾಜಿನ ಕೆಳಗಿನ ಕಿಂಡಿಯಿಂದ ಲಕೋಟೆಗಳನ್ನು ಒಳಗೆಳೆದುಕೊಂಡಿದೆ, ತೂಗಿದೆ, ಮುದ್ರೆ ಒತ್ತಿದೆ, ರಸೀದಿಯನ್ನು ಹೊರಗೆ ತಳ್ಳಿದೆ. ಆಚೆ ಕಡೆಯವರ ಬೆರಳು ತಗಲದಂತೆ ಕಾಗದದ ತುದಿಯನ್ನಷ್ಟೇ ಹಿಡಿಯುವುದು ಯಾವಾಗ ರೂಢಿಯಾಯಿತೋ ಅವಳಿಗೇ ತಿಳಿಯದು. “ಇವಳಿಗೊಂದು ಇಕ್ಕಳ ಕೊಡಿಸಿ, ಪಾಪ, ರಸೀದಿ ಕೊಡೋಕೆ ಸುಲಭ ಆಗುತ್ತೆ” ಎಂದು ಪಕ್ಕದ ಕೌಂಟರಿನವಳು ಒಮ್ಮೆ ಎಲ್ಲರೆದುರು ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಅಣ್ಣ ನಡುಮನೆಯಲ್ಲಿ ಹಾಳೆಗಳನ್ನು ಐವತ್ತೈವತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ. ಹೈಸ್ಕೂಲಿನ ಹೆಡ್‌ಮಾಸ್ತರ, ಹಾಳೆ ಅಂದರೆ ಅವನಿಗೆ ಎಣಿಸಿ, ತಟ್ಟಿ, ಅಂಚು ಸರಿ ಮಾಡಲೇಬೇಕು. ಹಿಂದಿನ ದಿನ ಸಂಜೆ ಬಸ್ಸಿನಿಂದ ಇಳಿಯುವಾಗಲೇ ಕಟ್ಟನ್ನು ಎದೆಗೆ ಅವಚಿಕೊಂಡಿದ್ದ. ಹಾಳೆಯ ಮೇಲ್ಗಡೆ ಅಮ್ಮನ ಫೋಟೊ, ನಿವೃತ್ತಿಯ ದಿನ ತೆಗೆಸಿದ್ದು, ಎದೆಗೆ ಪಿನ್ನು ಹಾಕಿದ ಗಡಿಯಾರ, ಗಂಜಿ ಹಾಕಿ ಬಿಗಿದ ಕಾಲರು, ತುಸು ಸಿಡುಕಿನ ಕಣ್ಣು. ಕೆಳಗೆ ಅವಳ ಬಾಳು ಮೂರು ಪ್ಯಾರಾಗಳಲ್ಲಿ. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡು. ನಲವತ್ತೊಂದು ವರ್ಷ ಚರ್ಚಿನ ಗಾಯಕವೃಂದ. ಒಂಬತ್ತು ವರ್ಷ ಹಾಸಿಗೆ ಹಿಡಿದ ಅತ್ತೆಯ ಸೇವೆ. ಅಕಾಲದಲ್ಲಿ ಹೋದ ಗಂಡ, ಓದಿಸಿ ದೊಡ್ಡವರನ್ನಾಗಿ ಮಾಡಿದ ಇಬ್ಬರು ಮಕ್ಕಳು. ಎಲ್ಲವೂ ನಿಜ. ಎಲ್ಲ ನಿಜಗಳ ಬಾಲಕ್ಕೆ ಆ ಒಂದು ಸಾಲು.

“ಅಣ್ಣ, ಈ ಸಾಲು ತೆಗೆಯೋಕಾಗುತ್ತಾ?”

“ಯಾವುದು?” ಅವನು ಕನ್ನಡಕ ಮೇಲೆ ಸರಿಸಿ ನೋಡಿದ. “ಪ್ರಿಂಟ್ ಆಗಿದೆಯಲ್ಲೇ. ಈಗ ಹೇಗೆ ತೆಗೆಯೋದು? ತಪ್ಪೇನಿದೆ ಅದರಲ್ಲಿ?”

“ಹೋಂ ನರ್ಸ್ ಮಾಡಿದ್ದು ಎಲ್ಲಾ.”

“ಗೊತ್ತು ಮಾರಾಯ್ತಿ. ಸಹಾಯಕ್ಕೆ ಒಬ್ಬಳಿದ್ದಳು. ಯಾರ ಮನೇಲಿ ಇರಲ್ಲ?”

“ಸಹಾಯಕ್ಕೆ ಇದ್ದವಳು ನಾನು.”

ಅವನು ಕಟ್ಟನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ ಅಂಚು ಸರಿ ಮಾಡಿದ. “ನೋಡು ಪುಟ್ಟಿ, ಭಾನುವಾರ ಭಾನುವಾರ ಫೋನ್ ಮಾಡಿದಾಗೆಲ್ಲ ಅಮ್ಮನೇ ನನಗೆ ಹೇಳಿದ್ದು. ಸ್ನಾನ ಮಾಡಿಸೋದೂ ಅವಳೇ, ಬಟ್ಟೆ ಬದಲಾಯಿಸೋದೂ ಅವಳೇ, ನೀನೇನೂ ಯೋಚನೆ ಮಾಡ್ಬೇಡ ಅಂತ. ಆ ಮಾತು ನಂಬಿಕೊಂಡೇ ನಾನು ಅಲ್ಲಿ ಪರೀಕ್ಷೆ, ಇನ್‌ಸ್ಪೆಕ್ಷನ್ನು ಅಂತ ನೆಮ್ಮದಿಯಾಗಿದ್ದೆ. ಏಳು ತಿಂಗಳಲ್ಲಿ ಮೂರು ಸಲ ಬಂದಿದ್ದೀನಿ. ಮೂರೇ ಸಲ. ಈಗ ನೀನು ಅದೆಲ್ಲ ಸುಳ್ಳು ಅಂತೀಯಾ?” ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವನ ದನಿ ಸಣ್ಣಗಾಗಿತ್ತು. ಅವಳು ಹಿಂದಿರುಗಿ ಒಲೆಯ ಮೇಲಿನ ಹಾಲು ಕೆರೆಯತೊಡಗಿದಳು. ಅವನಿಗೂ ಆ ಸಾಲು ಬೇಕಾಗಿತ್ತು; ಅವಳ ಕೈಗಳ ಮರೆಯಲ್ಲಿ ಅವನು ಏಳು ತಿಂಗಳು ಕೂತಿದ್ದ. ಒಂದು ಸುಳ್ಳಿನ ಕೆಳಗೆ ಮೂವರು ನಿಂತಿದ್ದೆವು, ಸಣ್ಣ ಕೊಡೆಯ ಕೆಳಗೆ ನಿಂತ ಹಾಗೆ, ಅಂದುಕೊಂಡಳು. ಹಿಡಿದವಳು ಈಗಿಲ್ಲ. ಹೋಗಿ ಎರಡು ವಾರ.

“ಇವತ್ತು ಚರ್ಚಲ್ಲಿ ಐದು ನಿಮಿಷ ಮಾತಾಡಿದ್ರೆ ಸಾಕು,” ಅಣ್ಣ ನಡುಮನೆಯಿಂದ ಕೂಗಿದ. “ಬರೆದಿಟ್ಕೊಂಡಿದ್ದೀಯಾ?”

ಅವಳು ಬರೆದಿಟ್ಟುಕೊಂಡಿರಲಿಲ್ಲ. ಹಿಂದಿನ ದಿನ ಕೌಂಟರಿನಲ್ಲಿ ಜನವಿಲ್ಲದ ಹೊತ್ತಿನಲ್ಲಿ ಹಳೆಯ ಫಾರಮ್ಮಿನ ಬೆನ್ನಿಗೆ ‘ನನ್ನ ಅಮ್ಮ’ ಎಂದು ಬರೆದು, ಮುಂದೇನೂ ಹೊಳೆಯದೆ, ಎರಡೂ ಪದಗಳ ಮೇಲೆ ಮುದ್ರೆ ಒತ್ತಿ ಬುಟ್ಟಿಗೆ ಹಾಕಿದ್ದಳು. ಅಮ್ಮನನ್ನು ನೆನೆದರೆ ಮೊದಲು ಬರುವುದು ವಾಸನೆ: ಸ್ಪಿರಿಟ್ಟು, ಗಂಜಿ, ಅದರಡಿ ಬೆವರು. ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ಅಮ್ಮ ಭಾನುವಾರ ಮನೆಗೆ ಬರದೆ ನೇರ ಚರ್ಚಿಗೇ ಬರುತ್ತಿದ್ದಳು, ಯೂನಿಫಾರಮ್ಮಿನಲ್ಲೇ. ಮಕ್ಕಳು ಅಜ್ಜಿಯ ಜೊತೆ ಬಂದು ಬೆಂಚಿನಲ್ಲಿ ಕೂತಿರುತ್ತಿದ್ದರು. ಗಾಯಕವೃಂದದ ಸಾಲಿನಲ್ಲಿ ಅಮ್ಮ ಸಭಾಪಾಲಕರ ಉಪದೇಶ ಶುರುವಾಗುತ್ತಿದ್ದಂತೆ ಕಣ್ಣು ಮುಚ್ಚುವಳು. ತಲೆ ಒಂದಿಷ್ಟೂ ಓಲಾಡದು. ಭಕ್ತಿಯಿಂದ ಕೇಳುತ್ತಿದ್ದಾಳೆ ಎಂದೇ ಎಲ್ಲರೂ ತಿಳಿಯುವರು. ಆರ್ಗನ್ನಿನ ಮೊದಲ ಸ್ವರಕ್ಕೆ ಕಣ್ಣು ತೆರೆದು, ಪುಸ್ತಕ ನೋಡದೆ, ಸರಿಯಾದ ಜಾಗದಲ್ಲಿ ಹಾಡು ಹಿಡಿಯುವಳು. “ದೇವರಿಗೆ ಗೊತ್ತು ನಾನು ನಿದ್ದೆ ಮಾಡಿದ್ದು,” ಅನ್ನುವಳು ಮನೆಗೆ ಬರುವ ದಾರಿಯಲ್ಲಿ, “ಅವನು ಕಂಪ್ಲೇಂಟ್ ಮಾಡಿಲ್ಲ, ನಿಮಗೇನು?” ಅಜ್ಜಿಗೆ ಮಾತ್ರ ಕಂಪ್ಲೇಂಟಿತ್ತು. ಕಂಡಕಂಡವರ ಮೈ ಮುಟ್ಟಿ ಬಂದವಳು ಅದೇ ಕೈಯಲ್ಲಿ ತಟ್ಟೆಗೆ ಬಡಿಸುತ್ತಾಳೆಂದು ಮುಖ ತಿರುಗಿಸುವಳು. ಕಡೆಗೆ ಅದೇ ಕೈ ಒಂಬತ್ತು ವರ್ಷ ಅಜ್ಜಿಯ ಮೈ ತೊಳೆಯಿತು. ಅಜ್ಜಿ ಒಂದು ದಿನವೂ ಅದರ ಬಗ್ಗೆ ಒಳ್ಳೆಯ ಮಾತಾಡಲಿಲ್ಲ, ಅಮ್ಮ ಒಂದು ದಿನವೂ ಅದಕ್ಕಾಗಿ ಕಾಯಲಿಲ್ಲ.

ಸ್ನಾನದ ಮನೆಯಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತ ಅವಳು ಬಟ್ಟೆ ತೆಗೆದಿಟ್ಟಳು. ಒಂಬತ್ತು ವರ್ಷದವಳಿದ್ದಾಗ ಒಂದು ಭಾನುವಾರ ಅಜ್ಜಿಗೆ ಜ್ವರ, ಅಣ್ಣ ಸ್ನೇಹಿತರ ಮನೆಯಲ್ಲಿ. ಅಂದು ಅಮ್ಮನಿಗೆ ಮಧ್ಯಾಹ್ನದ ಡ್ಯೂಟಿ; ಚರ್ಚು ಮುಗಿಸಿ ಅವಳನ್ನು ವಾರ್ಡಿಗೇ ಕರೆದುಕೊಂಡು ಹೋದಳು. ಮೂಲೆಯ ಮಂಚಕ್ಕೆ ಬಟ್ಟೆಯ ಪರದೆ ಅಡ್ಡ ಕಟ್ಟಿದ್ದರು. ಆಯಾ ಬಂದಿರಲಿಲ್ಲ. “ಬೇಸಿನ್ ಹಿಡ್ಕೋ ಪುಟ್ಟಿ, ಎರಡೇ ನಿಮಿಷ,” ಅಂದಳು ಅಮ್ಮ. ಮಂಚದ ಮೇಲೆ ಒಬ್ಬ ಮುದುಕಿ; ಬಾಯಿ ತುಸು ತೆರೆದಿತ್ತು. ಅಮ್ಮ ಜೀವಂತ ಇರುವವರ ಜೊತೆ ಮಾತಾಡುವ ಹಾಗೇ ಆ ಮುದುಕಿಯ ಜೊತೆ ಮಾತಾಡುತ್ತ, “ಈಗ ಈ ಕಡೆ ತಿರುಗೋಣ ಅಜ್ಜಿ, ಆಯ್ತು, ಆಯ್ತು” ಅನ್ನುತ್ತ ಒರೆಸುತ್ತಿದ್ದಳು. ತಿರುಗಿಸುವಾಗ ಮುದುಕಿಯ ಕೈ ಜಾರಿ ಬಂದು ಬೇಸಿನ್ನು ಹಿಡಿದ ಅವಳ ಬೆರಳುಗಳ ಮೇಲೆ ಬಿತ್ತು. ತಣ್ಣಗೆ, ಭಾರವಾಗಿ, ಅಲ್ಲೇ ಉಳಿಯಿತು. ಅವಳು ನೀರು ಚೆಲ್ಲಲಿಲ್ಲ. ಮುಂದಿನ ವಾರ ಚರ್ಚಿನ ಅಂಗಳದಲ್ಲಿ ಅಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು: “ನನ್ನ ಮಗಳು ಕಣ್ಣು ಪಿಳುಕಿಸಲಿಲ್ಲ. ನಾನೇ ಟ್ರೇನಿಂಗಲ್ಲಿ ಮೊದಲ ದಿನ ವಾಂತಿ ಮಾಡ್ಕೊಂಡಿದ್ದೆ.” ಅಷ್ಟು ಹೆಮ್ಮೆಪಟ್ಟ ಅಮ್ಮನಿಗೆ, ತಾನು ಆ ವಾರವೆಲ್ಲ ಸೋಪು ಸವೆಯುವಂತೆ ಕೈ ತೊಳೆಯುತ್ತಿದ್ದೇನೆಂದು ಹೇಗೆ ಹೇಳುವುದು? ಹೇಳಲಿಲ್ಲ. ಆದರೆ ಇದೆಲ್ಲ ನೆಪವೇ ಇರಬಹುದು. ಎಷ್ಟೋ ಮಕ್ಕಳು ಹೆಣ ನೋಡಿರುತ್ತಾರೆ. ಬೆಳೆದು ತಾಯಿಯ ಮೈ ತೊಳೆಯುತ್ತಾರೆ. ನಲವತ್ತಮೂರು ವರ್ಷದ ಹಿಂದಿನ ಒಂದು ತಣ್ಣನೆಯ ಕೈಯನ್ನು ತಾನು ವಕೀಲರಂತೆ ಕರೆಸಿ ಕರೆಸಿ ಸಾಕ್ಷಿ ಹೇಳಿಸುತ್ತಿದ್ದೇನೆ ಅನ್ನಿಸಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಚರ್ಚಿಗೆ ಹೋಗುವ ದಾರಿ ಹತ್ತು ನಿಮಿಷದ್ದು. ಅಣ್ಣ ಮುಂದೆ, ಅವನ ಹೆಂಡತಿ ನಡುವೆ, ಅವಳು ಹಿಂದೆ. ಔಷಧಿ ಅಂಗಡಿಯ ಗಾಜಿಗೆ ಯಾರೋ ಅಮ್ಮನ ಸ್ಮರಣೆಯ ಆರಾಧನೆಯ ಸೂಚನೆ ಅಂಟಿಸಿದ್ದರು; ಅಲ್ಲೂ ಅದೇ ಫೋಟೊ, ಕೆಮ್ಮಿನ ಔಷಧಿಯ ಜಾಹೀರಾತಿನ ಪಕ್ಕದಲ್ಲಿ. ಆ ಏಳು ತಿಂಗಳ ಮೊದಲಲ್ಲಿ, ಸೊಂಟದ ಮೂಳೆ ಮುರಿದು ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ, “ಪುಟ್ಟಿ, ಇವತ್ತು ನೀನೇ ಮೈ ಒರೆಸ್ತೀಯಾ?” ಎಂದು ಕೇಳಿದಳು. ಮೂವತ್ತಾರು ವರ್ಷ ವಾರ್ಡಿನಲ್ಲಿ ಹುಕುಂ ಮಾಡಿದ ಬಾಯಿ, ಆ ದಿನ ಮೊದಲ ಬಾರಿಗೆ ಏನನ್ನೋ ಕೇಳಿತ್ತು. ಅವಳು ನೀರು ಕಾಯಿಸಿದಳು. ಮುಂಗೈಗೆ ಹನಿಸಿಕೊಂಡು ಬಿಸಿ ನೋಡಿದಳು. ಬೇಸಿನ್ನು ತಂದು ಸ್ಟೂಲಿನ ಮೇಲಿಟ್ಟು, ಟವೆಲು ಅದ್ದಿ ಹಿಂಡಿದಳು. ತಿರುಗಿದರೆ ಅಮ್ಮ ಅಷ್ಟರಲ್ಲಿ ತಾನೇ ಮೇಲಂಗಿಯ ಗುಂಡಿಗಳನ್ನು ಬಿಚ್ಚಿಕೊಂಡು, ಕಣ್ಣು ಮುಚ್ಚಿ, ಮಲಗಿದ್ದಳು. ಕುತ್ತಿಗೆಯ ಕೆಳಗೆ ಎಲುಬು, ಸುಕ್ಕು, ಮೇಲೆ ಕೆಳಗೆ ಆಡುವ ಉಸಿರು. ಟವೆಲಿನಿಂದ ಏಳುತ್ತಿದ್ದ ಹಬೆ ನಿಂತಿತು. ಟವೆಲು ಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. “ಆಫೀಸಿಗೆ ಹೊತ್ತಾಯ್ತಮ್ಮ,” ಅಂದಳು. ಅಮ್ಮ ಕಣ್ಣು ತೆರೆದಳು. ಅವಳ ಮುಖ ನೋಡಲಿಲ್ಲ, ಅವಳ ಕೈಯಲ್ಲಿದ್ದ ಟವೆಲು ನೋಡಿದಳು. “ಹೋಗು ಹೋಗು, ಬಸ್ಸು ತಪ್ಪುತ್ತೆ.” ಆಮೇಲೆ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದಳು. ಐದು ಗುಂಡಿ. ಮೂರನೆಯದು ತೂತಿಗೆ ಸೇರಲು ಬಹಳ ಹೊತ್ತು ಹಿಡಿಯಿತು. ಅವಳು ಅದಕ್ಕೂ ಕೈ ಚಾಚದೆ ನಿಂತಿದ್ದಳು. ಆ ಸಂಜೆಯೇ ಹೋಂ ನರ್ಸಿಗೆ ಫೋನು ಮಾಡಿದಳು.

ಬಂದವಳು ಅವಳ ವಯಸ್ಸಿನವಳೇ, ಅಗಲ ಮಣಿಕಟ್ಟಿನ, ಮಾತು ಕಡಿಮೆಯ ಹೆಂಗಸು. ದಿನವೂ ಎಂಟೂವರೆಗೆ ಸರಿಯಾಗಿ ಗೇಟು ತೆರೆಯುವಳಾದ್ದರಿಂದ ಅಮ್ಮ ಅವಳಿಗೆ ಎಂಟೂವರೆ ಎಂದೇ ಹೆಸರಿಟ್ಟಳು. “ಎಂಟೂವರೆ ಬಂದ್ಲು, ನೀನು ಹೊರಡು” ಅನ್ನುವಳು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗೆ ನೀರಿನ ಸದ್ದು, ಮಂಚದ ಕಿರ್ ಸದ್ದು, ಅಮ್ಮನ ಗದರಿಕೆ: “ಮೊಣಕಾಲು ಮಡಿಸಿ ಆಮೇಲೆ ತಿರುಗಿಸ್ಬೇಕು ಕಣೇ, ಮೂಟೆ ಉರುಳಿಸ್ತಿದ್ದೀಯಾ?” ಆಮೇಲೆ ಇಬ್ಬರ ನಗು. ಬ್ಯಾಗು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಸಿದ್ಧವಾದ ಮೇಲೂ ಅವಳು ಬಾಗಿಲ ಹೊರಗೆ ಒಂಬತ್ತೂ ಹತ್ತರ ತನಕ ನಿಲ್ಲುವಳು. ಚಿಲಕ ಹಾಕಿರುತ್ತಿರಲಿಲ್ಲ. ಒಂದು ಬೆರಳಿಂದ ದೂಡಿದರೆ ಸಾಕಿತ್ತು. ಇನ್ನೂರು ಚಿಲ್ಲರೆ ಬೆಳಿಗ್ಗೆಗಳು. ತಿಂಗಳಿಗೊಮ್ಮೆ ಸಭಾಪಾಲಕರು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಮನೆಗೆ ಬರುವರು. ಮೊದಲ ಸಲ ಬಂದಾಗ ಅವಳು ಚಹಾ ಹಿಡಿದು ಬಾಗಿಲಲ್ಲಿದ್ದಳು. “ಮಗಳು ಚೆನ್ನಾಗಿ ನೋಡ್ಕೊಳ್ತಾರಾ?” ಎಂದು ಅವರು ಕೇಳಿದ್ದಕ್ಕೆ ಅಮ್ಮ, “ಎಲ್ಲಾ ಅವಳೇ ಪಾಸ್ಟರ್. ಸ್ನಾನ ಕೂಡ. ಅವಳ ಕೈ ನನ್ನ ಕೈಗಿಂತ ಮೃದು” ಅಂದಳು, ಪ್ರಾರ್ಥನೆ ಹೇಳುವಷ್ಟೇ ಸರಾಗವಾಗಿ. ಸುಳ್ಳು ಹೇಳಿದ್ದಕ್ಕೆ ಅಣ್ಣನನ್ನು ಒಮ್ಮೆ ಇಡೀ ದಿನ ಮಾತಾಡಿಸದೆ ಕೂರಿಸಿದ್ದ ಅಮ್ಮ, ಬಾಯಲ್ಲಿ ಇನ್ನೂ ಪ್ರಭುಭೋಜನದ ರೊಟ್ಟಿ ಕರಗುತ್ತಿರುವಾಗ! ಎಂಟೂವರೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಅಮ್ಮನ ಆ ಮಾತು ಕ್ಷಮೆಯೋ, ಶಿಕ್ಷೆಯೋ? ಕ್ಷಮೆಯಾದರೆ ಇಷ್ಟು ಉರಿಯುತ್ತಿರಲಿಲ್ಲ. ಶಿಕ್ಷೆಯಾದರೆ ಅಮ್ಮನ ದನಿಯಲ್ಲಿ ಅಷ್ಟು ಅಕ್ಕರೆ ಇರುತ್ತಿರಲಿಲ್ಲ.

ಚರ್ಚಿನ ಒಳಗೆ ಫ್ಯಾನುಗಳು ತಿರುಗುತ್ತಿದ್ದವು. ಬೆಂಚುಗಳು ತುಂಬಿದ್ದವು. ಅವಳು ಮುಂದಿನ ಸಾಲಿನಲ್ಲಿ ಕೂತು ಹಿಂದೆ ಬಂದು ಸೇರುವವರನ್ನು ಓರೆಗಣ್ಣಿನಿಂದ ನೋಡಿದಳು. ಈ ಜನರಲ್ಲಿ ಅರ್ಧ ಮಂದಿಯನ್ನಾದರೂ ಅಮ್ಮ ಒಂದಲ್ಲ ಒಂದು ದಿನ ಮುಟ್ಟಿದ್ದಳು. ಆರ್ಗನ್ ಬಾರಿಸುವವರ ಕಂಕುಳ ಕುರು. ಹಿರಿಯ ಗಾಯಕಿಯ ಎರಡು ಹೆರಿಗೆ. ಎಂದೂ ಯಾರಿಗೂ ಬಗ್ಗದ ಸಭೆಯ ಕಾರ್ಯದರ್ಶಿ, ಎಲ್ಲಿ ಇಂಜೆಕ್ಷನ್ ತೆಗೆದುಕೊಳ್ಳಬೇಕೋ ಅಲ್ಲಿ ಹದಿನಾಲ್ಕು ಇಂಜೆಕ್ಷನ್ ತೆಗೆದುಕೊಳ್ಳಲು ಹದಿನಾಲ್ಕು ದಿನ ಅಮ್ಮನೆದುರು ಬಗ್ಗಿದ್ದರು. ನಿವೃತ್ತಿಯಾದ ಮೇಲೂ ಬಟ್ಟೆಯ ಚೀಲದಲ್ಲಿ ಹತ್ತಿ, ಕತ್ತರಿ, ಬ್ಯಾಂಡೇಜು ಇಟ್ಟುಕೊಂಡು ಮನೆಮನೆಗೆ ನಡೆದೇ ಹೋಗುವಳು. ಎಲ್ಲರಿಗೂ ಸಿಸ್ಟರಮ್ಮ. ತಾನೊಬ್ಬಳೇ ಈ ಚರ್ಚಿನಲ್ಲಿ, ಅವಳು ಕೇಳಿದಾಗಲೂ, ಅವಳನ್ನು ಮುಟ್ಟದೆ ಉಳಿದವಳು. ಗಂಟೆ ಬಾರಿಸುವ ಹೊತ್ತಿಗೆ ಬಾಗಿಲಲ್ಲಿ ಎಂಟೂವರೆ ಕಾಣಿಸಿದಳು. ಒಗೆದು ಮಡಿಕೆಯ ಗೆರೆ ಬಿದ್ದ ಬಟ್ಟೆ, ಕೈಯಲ್ಲಿ ಔಷಧಿ ಅಂಗಡಿಯ ಪ್ಲಾಸ್ಟಿಕ್ ಕವರು. ಅಲ್ಲಿ ಸೂಚನೆ ನೋಡಿ ಬಂದಿರಬೇಕು. ಅವಳನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕಾದವಳು ತಾನು, ಮರೆತಿರಲಿಲ್ಲ, ಇವತ್ತು ನಾಳೆ ಎಂದು ಮುಂದೂಡಿದ್ದಳು. ಎಂಟೂವರೆ ಕೊನೆಯ ಬೆಂಚಿನ ತುದಿಗೆ ಕೂತು ಕವರನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೋ ಅವಳಿಗೂ ಒಂದು ಹಾಳೆ ಕೊಟ್ಟರು. ಅವಳು ಬೆರಳಿಟ್ಟು ಓದತೊಡಗಿದಳು. ಮುಂದಿನ ಬೆಂಚಿನಲ್ಲಿ ಕೂತವಳಿಗೆ, ಆ ಬೆರಳು ಈಗ ಯಾವ ಪ್ಯಾರಾದಲ್ಲಿದೆ ಎಂಬ ಒಂದೇ ಯೋಚನೆಯಲ್ಲಿ ಮೊದಲ ಕೀರ್ತನೆ ಮುಗಿದದ್ದೂ ತಿಳಿಯಲಿಲ್ಲ.

ಅಣ್ಣ ಹಾಳೆಯನ್ನು ಗಟ್ಟಿಯಾಗಿ ಓದಿದ. ಶಾಲೆಯ ಅಸೆಂಬ್ಲಿಯ ದನಿ. ಆ ಸಾಲಿಗೆ ಬಂದಾಗ ತುಸು ಬೇಗ ಓದಿದ. ಆದರೆ ಸಭಾಪಾಲಕರು ಎದ್ದು ಅದನ್ನೇ ಹಿಡಿದುಕೊಂಡರು. “ಇದಕ್ಕೆ ನಾನೇ ಸಾಕ್ಷಿ. ಕಣ್ಣಾರೆ ಕಂಡಿದ್ದೇನೆ. ಊರವರ ಮೈ ತೊಳೆದ ತಾಯಿಗೆ ದೇವರು ಅಂಥ ಮಗಳನ್ನೇ ಕೊಟ್ಟ. ಈಗ ಆ ಮಗಳೇ ಎರಡು ಮಾತಾಡ್ತಾರೆ.” ಅವಳು ಎದ್ದಳು. ಮೂರು ಮೆಟ್ಟಿಲು. ಮೈಕು ಅಣ್ಣನ ಎತ್ತರಕ್ಕಿತ್ತು; ಬಗ್ಗಿಸಲು ಹೋದರೆ ಕೀಚಲು ಸದ್ದು ಮಾಡಿತು. ಕೆಲವರು ಕಿವಿ ಮುಚ್ಚಿದರು. ಅವಳಿಗೆ ಗಾಜಿನ ಹಿಂದೆ ಕೂತು ಅಭ್ಯಾಸ; ಎದುರಿಗೆ ಏನೂ ಅಡ್ಡವಿಲ್ಲದೆ ಇಷ್ಟು ಮುಖಗಳನ್ನು ನೋಡಿ ಗೊತ್ತಿರಲಿಲ್ಲ.

“ನಮ್ಮಮ್ಮ...” ಅಂದಳು. “ಈ ಹಾಳೆಯಲ್ಲಿ ಒಂದು ಸಾಲು ತಪ್ಪು.”

ಅಣ್ಣ ಕೆಮ್ಮಿದ. ಜನ ಹಾಳೆ ಮಗುಚಿದ ಸದ್ದು ಒಣ ಎಲೆಗಳ ಹಾಗೆ ಕೇಳಿಸಿತು.

“ನಾನು ಮಾಡಲಿಲ್ಲ. ಒಂದು ದಿನವೂ ಅಮ್ಮನ ಮೈ ಒರೆಸಲಿಲ್ಲ. ಅಮ್ಮ ಕೇಳಿದ್ಲು. ಒಂದು ಸಲ ಕೇಳಿದ್ಲು. ನನ್ನ ಕೈಲಿ ಆಗ್ಲಿಲ್ಲ. ಆಮೇಲೆ ಕೇಳ್ಲಿಲ್ಲ. ನಾನು ಬಾಗಿಲ ಹೊರಗೆ ನಿಂತಿರ್ತಿದ್ದೆ, ಅಷ್ಟೇ. ಮಾಡಿದವರು ಅವರು. ಅಲ್ಲಿ, ಕೊನೇ ಬೆಂಚಲ್ಲಿ ಕೂತಿದ್ದಾರಲ್ಲ, ಅವರು.”

ಕೈ ತಾನಾಗಿ ಮೇಲೆದ್ದು ತೋರಿಸಿತು. ಇನ್ನೂರು ತಲೆಗಳು ಒಟ್ಟಿಗೆ ಹಿಂದೆ ತಿರುಗಿದವು. ಎಂಟೂವರೆ ಕವರನ್ನು ಎದೆಗೆ ಒತ್ತಿಕೊಂಡಳು. ಅವಳ ಮುಖ ಕೆಂಪಾಗಿ, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕೆಳಗೆ ಬಾಗಿತು. ಒಂದು ಗಳಿಗೆ ಹಾಗೇ ಕೂತಿದ್ದು, ಎದ್ದು, ಬೆಂಚಿಗೆ ಮೊಣಕಾಲು ತಾಗಿಸಿಕೊಂಡು, ಹೊರಟುಹೋದಳು. ಮೈಕಿನ ಮುಂದೆ ನಿಂತವಳಿಗೆ ಇನ್ನೂ ಹೇಳಬೇಕಿತ್ತು: ಗುಂಡಿಗಳ ಬಗ್ಗೆ, ಅಮ್ಮ ಹೇಳಿದ ಸುಳ್ಳಿನ ಬಗ್ಗೆ, ಅಮ್ಮನ ಬಗ್ಗೆ. ಬಾಯಿ ತೆರೆದಳು. ಬರೀ ಉಸಿರು ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. ಸಭಾಪಾಲಕರು ಮೆಲ್ಲಗೆ ಬಂದು ಅವಳ ಪಕ್ಕ ನಿಂತರು. ಕಣ್ಣು ಒದ್ದೆಯಾಗಿತ್ತು. “ಪ್ರಿಯರೇ,” ಅಂದರು, “ಎಂಥ ವಿನಯ ನೋಡಿದಿರಾ. ಎಲ್ಲವನ್ನೂ ಮಾಡಿ, ಏನೂ ಮಾಡಲಿಲ್ಲ ಅನ್ನುವ ಈ ಮನಸ್ಸು. ಇದು ಸಿಸ್ಟರಮ್ಮ ಬಿಟ್ಟುಹೋದ ಆಸ್ತಿ.” ಬೆಂಚುಗಳಲ್ಲಿ ಯಾರೋ ಬಿಕ್ಕಿದರು. ಆರ್ಗನ್ನು ಶುರುವಾಯಿತು. ಅವಳು ಅಣ್ಣನತ್ತ ನೋಡಿದಳು. ಅವನು ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಕಷ್ಟದ ಇನ್‌ಸ್ಪೆಕ್ಷನ್ನು ಮುಗಿದವನಂತೆ ಬೆಂಚಿಗೆ ಒರಗಿದ.

ಆರಾಧನೆ ಮುಗಿದ ಮೇಲೆ ಅವಳನ್ನು ಹೊರಗೆ ಬಿಡುವವರೇ ಇಲ್ಲ. ಒಬ್ಬೊಬ್ಬರೂ ಅವಳ ಕೈ ಹಿಡಿದುಕೊಳ್ಳುವರು. “ನಮ್ಮ ಸೊಸೆಯಂದಿರಿಗೆ ಈ ಮಾತು ಕೇಳಿಸ್ಬೇಕಿತ್ತು,” ಅಂದಳು ಹಿರಿಯ ಗಾಯಕಿ. “ನಾನೂ ಹಾಗೇನೇ, ಮಾಡಿದ್ದು ಹೇಳ್ಕೊಳ್ಳಲ್ಲ,” ಅಂದರು ಕಾರ್ಯದರ್ಶಿ. “ಇಲ್ಲ, ನಾನು ನಿಜವಾಗ್ಲೂ ಮಾಡಿಲ್ಲ” ಎಂದು ಅವಳು ಹೇಳಿದಷ್ಟೂ ಅವರ ಕಣ್ಣು ಇನ್ನಷ್ಟು ತುಂಬಿ ಬರುವುದು. ಬೆನ್ನು ಬಾಗಿದ ಒಬ್ಬ ಮುದುಕಿ ಅವಳ ಎರಡೂ ಕೈಗಳನ್ನು ಎತ್ತಿ ತನ್ನ ಕಣ್ಣಿಗೆ ಒತ್ತಿಕೊಂಡಳು. ಒದ್ದೆ ರೆಪ್ಪೆ ಬೆರಳಿಗೆ ತಾಗಿತು. ಅವಳು ಕೈ ಕಿತ್ತುಕೊಂಡಳು. ಸ್ವಲ್ಪ ಜೋರಾಗಿಯೇ. ಮುದುಕಿ ಹಿಂದಕ್ಕೆ ವಾಲಿದಳು, ಯಾರೋ ಹಿಡಿದರು. “ಪಾಪ, ತಾಯಿ ಹೋದ ದುಃಖ” ಎಂದು ಯಾರೋ ಅಂದರು. ಅದಕ್ಕೂ ಒಂದು ಅರ್ಥ ಸಿಕ್ಕಿಬಿಟ್ಟಿತು. ಅವಳು ಪಕ್ಕದ ಬಾಗಿಲಿನಿಂದ ಹೊರಗೆ ಬಂದಳು.

ಚರ್ಚಿನ ಹಿಂಬದಿಯಲ್ಲಿ, ಸಲಕರಣೆಗಳ ಕೋಣೆಯ ಗೋಡೆಗೆ ಹತ್ತಿಕೊಂಡು ಒಂದು ನಲ್ಲಿ. ಎಂಟೂವರೆ ಅಲ್ಲಿ ಬಗ್ಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ಹೆಜ್ಜೆಯ ಸದ್ದಿಗೆ ತಿರುಗಿದಳು. ನಲ್ಲಿ ನಿಲ್ಲಿಸಲಿಲ್ಲ.

“ನನ್ನನ್ಯಾಕೆ ತೋರಿಸಿದ್ರಿ ಅಕ್ಕ?”

“ನಿಜ ಹೇಳ್ಬೇಕು ಅನ್ನಿಸ್ತು.”

“ನಿಮಗೆ ಅನ್ನಿಸ್ತು.” ಎಂಟೂವರೆ ಮುಖದ ನೀರನ್ನು ಅಂಗೈಯಿಂದ ಜಾಡಿಸಿದಳು. “ಬರ್ತೀಯಾ ಅಂತ ಕರೀಲಿಲ್ಲ. ನಾನೇ ಬಂದೆ. ಮೂಲೇಲಿ ಕೂತು ಒಂದು ಹಾಡು ಕೇಳಿ ಹೋಗೋಣ ಅಂತ ಬಂದೆ. ಅಷ್ಟು ಜನರ ಮುಂದೆ ಬೆರಳು ಮಾಡಿ ತೋರಿಸಿಬಿಟ್ರಿ. ನಿಮ್ಮ ಎದೆ ಹಗುರ ಆಗ್ಲಿ ಅಂತ.”

“ನೀವು ಮಾಡಿದ್ದು ಎಲ್ಲರಿಗೂ ಗೊತ್ತಾಗ್ಬೇಕು ಅಂತ...”

“ಗೊತ್ತಾಗೋದು ಬೇಡ ಅಂತ ಸಿಸ್ಟರಮ್ಮ ನನ್ನ ಹತ್ರ ಮಾತು ತಗೊಂಡಿದ್ರು. ಬೈಬಲ್ ಮೇಲೆ ಕೈ ಇಡಿಸಿ. ನಾನು ನಿಮ್ಮ ಚರ್ಚಿನವಳಲ್ಲ, ಆದ್ರೂ ಇಟ್ಟೆ. ಪಾಸ್ಟರ್ ಬಂದಾಗೆಲ್ಲ ಅಡುಗೆಮನೇಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಏಳು ತಿಂಗಳು ನಾನು ಕಾಪಾಡಿದ ಮಾತು, ನೀವು ಎರಡು ನಿಮಿಷದಲ್ಲಿ ನೀರಿಗೆ ಹಾಕಿದ್ರಿ.”

ನಲ್ಲಿಯ ನೀರು ಕಲ್ಲಿನ ಮೇಲೆ ಬಿದ್ದು ಇಬ್ಬರ ಕಾಲಿಗೂ ಸಿಡಿಯುತ್ತಿತ್ತು. ಅವಳು ಬಗ್ಗಿ ನಲ್ಲಿ ತಿರುಗಿಸಿದಳು. ಸದ್ದು ನಿಂತ ಮೇಲೆ ಕೇಳುವುದು ಇನ್ನೂ ಕಷ್ಟವಾಯಿತು.

“ಅಮ್ಮ ಯಾಕೆ ಹಾಗೆ ಸುಳ್ಳು ಹೇಳ್ತಿದ್ಲು? ನನ್ನ ಮೇಲೆ ಸಿಟ್ಟಿತ್ತಾ?”

“ಅದು ನನಗೇನು ಗೊತ್ತು? ಒಂದು ದಿನ ನಾನೂ ಬೇಜಾರಲ್ಲಿ ಕೇಳಿಬಿಟ್ಟೆ. ಮೈ ಒರೆಸ್ತಾ ಇದ್ದೆ. ‘ನಾನು ಮಾಡಿದ್ದಕ್ಕೆ ಅವರ ಹೆಸರು ಹೇಳ್ತೀರಲ್ಲ, ದೇವರು ಒಪ್ತಾನಾ’ ಅಂತ. ಅದಕ್ಕವರು...” ಎಂಟೂವರೆ ನಿಲ್ಲಿಸಿದಳು. ಅವಳ ದನಿಯ ಬಿಸಿ ಇಳಿಯತೊಡಗಿತ್ತು; ಅದು ಅವಳಿಗೇ ಇಷ್ಟವಿದ್ದಂತಿರಲಿಲ್ಲ. “ಅದಕ್ಕವರು, ‘ಮೆಲ್ಲಗೆ ಮಾತಾಡು ಕಣೇ, ಅವಳು ಬಾಗಿಲಾಚೆ ನಿಂತಿದ್ದಾಳೆ’ ಅಂದ್ರು.”

ಒಳಗಿನಿಂದ ಕುರ್ಚಿ ಎಳೆಯುವ ಸದ್ದು, ಯಾರೋ ಲೋಟಗಳನ್ನು ಜೋಡಿಸುವ ಸದ್ದು ಬರುತ್ತಿತ್ತು. “ನಾನು ನಿಂತಿರೋದು ಆವತ್ತೊಂದು ದಿನ ಗೊತ್ತಾಯ್ತಾ, ಅಥವಾ...” ಎಂದಳು ಅವಳು.

“ದಿನಾ ಗೊತ್ತಿತ್ತು. ಚಪ್ಪಲಿ ಹಾಕ್ಕೊಂಡೇ ಬಂದು ನಿಲ್ತಿದ್ರಲ್ಲ, ಕೇಳಿಸ್ದೆ ಇರುತ್ತಾ? ನೀವು ನಿಂತಿರೋ ತನಕ ಸಿಸ್ಟರಮ್ಮ ಗೋಡೆ ಕಡೆ ತಿರುಗಿಯೇ ಇರೋರು. ‘ಇನ್ನೊಂದು ಮಗ್ಗುಲು ಆಮೇಲೆ’ ಅನ್ನೋರು. ನೀವು ಹೋದ ಸದ್ದು ಕೇಳಿದ ಮೇಲೆ, ‘ಹೋದ್ಲು, ಈಗ ತಿರುಗಿಸು’ ಅನ್ನೋರು. ಸೊಂಟ ನೋವು ಇಟ್ಕೊಂಡು ಅಷ್ಟು ಹೊತ್ತು ಒಂದೇ ಮಗ್ಗುಲು ಬೇಡ ಅಂತ ನಾನು ಜಗಳ ಆಡ್ತಿದ್ದೆ. ‘ಇವತ್ತು ಬಾಗಿಲು ತೆಗೆದ್ರೂ ತೆಗೀಬಹುದು, ಬಂದ ತಕ್ಷಣ ನನ್ನ ಮುಖ ನೋಡೋ ಹಾಗಾದ್ರೆ ಹೆದರ್ಕೊಂಡು ವಾಪಸ್ ಹೋಗ್ತಾಳೆ’ ಅನ್ನೋರು.”

ಅವಳು ಗೋಡೆಗೆ ಕೈ ಊರಿದಳು. ಹೊಸದಾಗಿ ಬಳಿದ ಸುಣ್ಣ ಅಂಗೈಗೆ ಹತ್ತಿತು. ಏಳು ತಿಂಗಳು ತಾನು ಬಾಗಿಲಿನ ಈಚೆ ನಿಂತು ಕಾದದ್ದು ಗೊತ್ತಿತ್ತು. ಆಚೆಯೂ ಒಬ್ಬಳು ಕಾಯುತ್ತಿದ್ದಳೆಂದು ಗೊತ್ತಿರಲಿಲ್ಲ. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಬಂದದ್ದು ಒಂದು ವಿಚಿತ್ರವಾದ, ಹಸಿವಿನಂಥ ಪ್ರಶ್ನೆ.

“ಹಾಗಾದ್ರೆ ನಾನು ಬಾಗಿಲು ತೆಗೆದಿದ್ರೆ, ನನಗೆ ಕಾಣ್ತಿದ್ದದ್ದು ಬೆನ್ನು.”

“ಹೂಂ. ಬೆನ್ನು.”

“ಹೇಗಿತ್ತು?”

ಎಂಟೂವರೆ ಅವಳ ಮುಖವನ್ನು ಹುಡುಕಿ ನೋಡಿದಳು, ತಮಾಷೆಯೋ ಏನೋ ಎಂದು. “ಒಂದು ಹುಣ್ಣಾಗೋಕೆ ಬಿಡಲಿಲ್ಲ ನಾನು,” ಅಂದಳು ಮೊದಲು, ಬಿಗುವಾಗಿ. “ಏಳು ತಿಂಗಳು ಮಲಗಿದವರ ಬೆನ್ನು ಅಂತ ಯಾರೂ ಹೇಳ್ಬಾರ್ದು, ಹಾಗಿತ್ತು. ಡಾಕ್ಟರೇ ಕೇಳಿದ್ರು, ಯಾರು ನೋಡ್ಕೊಳ್ಳೋದು ಅಂತ.” ಆಮೇಲೆ, ಕವರನ್ನು ನಲ್ಲಿಯ ಕಟ್ಟೆಯ ಮೇಲಿಟ್ಟು, ನೆನಪು ಮಾಡಿಕೊಳ್ಳುತ್ತ: “ಮುಖಕ್ಕಿಂತ ಬಣ್ಣ ತಿಳಿ. ಬಿಸಿಲು ಕಂಡಿಲ್ವಲ್ಲ. ಚಿಕ್ಕ ಹುಡುಗಿ ಬೆನ್ನಿನ ಹಾಗೆ ನುಣ್ಣಗೆ. ಒಂದು ಜಾಗ ಇತ್ತು ನೋಡಿ. ಬೆಳಿಗ್ಗೆ ನೀರು ಮುಟ್ಟಿಸೋಕೂ ಮೊದಲು ಅಲ್ಲಿ ಕೆರೀಬೇಕು. ಅಲ್ಲಿ ಕೆರೆದ್ರೆ ಸಾಕು, ಕಣ್ಣು ಮುಚ್ಚಿ ‘ಆಹಾ’ ಅನ್ನೋರು. ‘ಊರವರ ಬೆನ್ನೆಲ್ಲ ಉಜ್ಜಿದ್ದೀನಿ ಕಣೇ, ಈ ಒಂದು ಜಾಗಕ್ಕೆ ಮಾತ್ರ ನನ್ನ ಕೈ ಯಾವತ್ತೂ ಎಟುಕ್ಲಿಲ್ಲ’ ಅಂತ ನಗೋರು. ಅವರು ನಗೋದು ನೋಡಿ ನಾನೂ ನಗ್ತಿದ್ದೆ.”

“ಎಲ್ಲಿ?”

“ಏನು?”

“ಆ ಜಾಗ. ಎಲ್ಲಿತ್ತು?”

ಎಂಟೂವರೆಗೆ, ಹೇಳಿದರೆ ತಿಳಿಯುವುದಲ್ಲ ಅನ್ನಿಸಿತೇನೋ. ಒದ್ದೆ ಕೈಯನ್ನು ತನ್ನ ಬಟ್ಟೆಗೆ ಒರೆಸಿಕೊಂಡಳು. ಅವಳ ಹೆಗಲು ಹಿಡಿದು, ರೋಗಿಗಳನ್ನು ತಿರುಗಿಸುವ ಹಾಗೆ, ಗೋಡೆಯ ಕಡೆ ಮುಖ ಮಾಡಿಸಿದಳು. ಎಡ ಭುಜದ ಎಲುಬಿನ ಒಳ ಅಂಚಿನಲ್ಲಿ, ಬೆನ್ನುಮೂಳೆಗೆ ನಾಲ್ಕು ಬೆರಳು ಈಚೆ, ಒಂದು ಬೆರಳು ಬಂದು ನಿಂತಿತು.

“ಇಲ್ಲಿ.”

ನೀರಿನಿಂದ ತಣ್ಣಗಾಗಿದ್ದ ಬೆರಳು ಬಟ್ಟೆಯ ಮೇಲಿಂದಲೂ ತಿಳಿಯುತ್ತಿತ್ತು. ಅವಳ ಮೈ ಸೆಟೆಯಿತು. ಅವಳು ಸರಿಯಲಿಲ್ಲ. ಅಣ್ಣ ಎಲ್ಲಿಂದಲೋ ಅವಳನ್ನು ಕೂಗುತ್ತಿದ್ದ. ಜನ ಕಾಯುತ್ತಿದ್ದಾರೆ ಅನ್ನುತ್ತಿದ್ದ.

“ತೆಗೀಬೇಡಿ,” ಅಂದಳು ಗೋಡೆಗೆ. “ಇನ್ನೊಂಚೂರು ಹೊತ್ತು.”